ಡೋಲೋಮೈಟ್ ಚಾರಣ: ಇಳಿಯುವ ದಾರಿಯಿಂದ ಶುರುವಾದ ಯೋಜನೆ

ಇಟಲಿಯ ಈಶಾನ್ಯಕ್ಕಿರುವ ಡೋಲೋಮೈಟ್ ಪರ್ವತಗಳಿಗೆ ಹೋಗಬೇಕೆಂದು ನಿಶ್ಚಯಿಸಿದಾಗ ನಾನು ನಕ್ಷೆಯಲ್ಲಿ ಮೊದಲು ಹುಡುಕಿದ್ದು ಇಳಿಯುವ ದಾರಿಗಳನ್ನು. ಬ್ರಾಯೆಸ್ ಸರೋವರದಿಂದ ದಕ್ಷಿಣಕ್ಕೆ ಬೆಲ್ಲುನೊ ಕಡೆಗೆ ಸಾಗುವ ಸುಮಾರು 120 ಕಿಲೋಮೀಟರಿನ ಆಲ್ಟಾ ವಿಯಾ 1 ಎಂಬ ಮಾರ್ಗವನ್ನು ಆರಿಸಿಕೊಂಡಿದ್ದೆ. ಯಾವ ರಾತ್ರಿ ಎಲ್ಲಿ ತಂಗಬೇಕು ಎಂಬ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಆದರೆ ಮಧ್ಯಾಹ್ನ ಗುಡುಗು ಶುರುವಾದಾಗ, ಜೊತೆಗಿದ್ದವರ ಮೊಣಕಾಲು ಮುಷ್ಕರ ಹೂಡಿದಾಗ ಯಾವ ಕಡೆ ತಿರುಗಬೇಕು ಎಂಬುದನ್ನು ಆ ಪಟ್ಟಿಗಳು ಹೇಳುವುದಿಲ್ಲ. ನನಗೆ ಅದೇ ಮುಖ್ಯವಾಗಿತ್ತು.

ಈ ರೀತಿ ಯೋಜಿಸಲು ಡೋಲೋಮೈಟ್‌ನಷ್ಟು ಅನುಕೂಲವಾದ ಪರ್ವತಗಳು ಕಡಿಮೆ. ಇದಕ್ಕೆ ಕಾರಣ ಅವು ಹುಟ್ಟಿದ ಬಗೆ. ಕೋಟ್ಯಂತರ ವರ್ಷಗಳ ಹಿಂದಿನ ಟ್ರಯಾಸಿಕ್ ಯುಗದ ಬೆಚ್ಚಗಿನ ಆಳವಿಲ್ಲದ ಸಮುದ್ರದಲ್ಲಿ ಜೀವಿಗಳು ಕಟ್ಟಿದ ಸುಣ್ಣದ ದಿಬ್ಬಗಳೇ ಇಂದಿನ ಅನೇಕ ಶಿಖರಗಳು. ದಿಬ್ಬಗಳ ನಡುವಿನ ತಗ್ಗುಗಳಲ್ಲಿ ಜ್ವಾಲಾಮುಖಿಯ ವಸ್ತುವೂ ಜೇಡಿಯೂ ತುಂಬಿಕೊಂಡವು. ಆ ಮೆತ್ತನೆಯ ಭಾಗ ಸವೆದು ಹುಲ್ಲುಗಾವಲಾಯಿತು, ಗಟ್ಟಿ ಕಲ್ಲು ಗೋಡೆಯಾಗಿ ನಿಂತಿತು. ಆದ್ದರಿಂದ ಇಲ್ಲಿ ಉದ್ದಕ್ಕೂ ಹಬ್ಬಿದ ಒಂದೇ ಶ್ರೇಣಿಯಿಲ್ಲ, ಬೇರೆಬೇರೆ ಬೆಟ್ಟಸಾಲುಗಳಿವೆ. ಅವುಗಳ ನಡುವೆ ಘಾಟಿಗಳಿವೆ, ಅನೇಕ ಘಾಟಿಗಳ ಮೇಲೆ ರಸ್ತೆಯಿದೆ. ಒಂದು ಸಾಲನ್ನು ದಾಟಿ ರಸ್ತೆ ಮುಟ್ಟುವುದು, ಮುಂದಿನ ಸಾಲನ್ನು ಹತ್ತುವುದೋ ಬೇಡವೋ ಎಂದು ಅಲ್ಲಿ ನಿಂತು ತೀರ್ಮಾನಿಸುವುದು: ನನ್ನ ಇಡೀ ಯೋಜನೆ ಈ ಒಂದು ಸಂಗತಿಯ ಮೇಲೆ ನಿಂತಿತ್ತು.

ತಬಾಕ್ಕೊ ಪ್ರಕಾಶನದ 1:25,000 ಅಳತೆಯ ನಕ್ಷೆಗಳನ್ನು ತರಿಸಿಕೊಂಡೆ. 031, 03 ಮತ್ತು 025ನೇ ಹಾಳೆಗಳು ನಾನು ನಡೆಯಬೇಕಿದ್ದ ಭಾಗಕ್ಕೆ ಸಾಕಾದವು. ಪ್ರತಿ ಹಂತದಲ್ಲೂ ಕಣಿವೆಗೆ ಇಳಿಯುವ ದಾರಿಗಳಿಗೆ ಬಣ್ಣದ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಸೆನ್ನೆಸ್ ಮತ್ತು ಫಾನೆಸ್ ಪ್ರಸ್ಥಭೂಮಿಗಳಿಂದ 1,548 ಮೀಟರ್ ಎತ್ತರದ ಪೆದೆರುವಿಗೆ ಜೀಪು ಓಡಾಡುವ ದಾರಿಯೇ ಇದೆ, ಪೆದೆರುವಿನಿಂದ ಬಸ್ ಸಿಗುತ್ತದೆ. ಲಗಜುವೊಯ್ ಶಿಖರದಿಂದ 2,105 ಮೀಟರಿನ ಫಾಲ್ಜಾರೆಗೊ ಘಾಟಿಗೆ ಕೇಬಲ್ ಕಾರ್ ಇದೆ. ಮುಂದೆ 2,236 ಮೀಟರಿನ ಜಾವ್ ಘಾಟಿ, ಆಮೇಲೆ ಸ್ಟೌಲಾಂಜಾ ಘಾಟಿ, ಎರಡೂ ರಸ್ತೆಯ ಮೇಲೆಯೇ. ಕೋಲ್ದಾಯ್ ತಂಗುಮನೆಯಿಂದ ಆಲ್ಲೆಗೆ ಊರಿಗೆ ಇಳಿಯಬಹುದು.

ಗುರುತು ಹಾಕುವಾಗ ಕೇಬಲ್ ಕಾರ್‌ಗಳಿಗೆ ಬೇರೆ ಬಣ್ಣ ಕೊಟ್ಟೆ. ಬಿರುಗಾಳಿ, ಸಿಡಿಲು ಬಂದರೆ ಅವು ನಿಲ್ಲುತ್ತವೆ. ಇಳಿಯಲೇಬೇಕಾದ ಹೊತ್ತಿನಲ್ಲೇ ಅವು ಓಡದಿರಬಹುದು. ದಣಿದ ಕಾಲಿಗೆ ಅವು ಆಸರೆ, ಕೆಟ್ಟ ಹವೆಗೆ ಅಲ್ಲ. ಬಸ್ಸುಗಳ ವಿಷಯದಲ್ಲೂ ಇಂಥದೇ ಎಚ್ಚರ ಬೇಕು. ಘಾಟಿಗಳ ಮೇಲಿನ ಅನೇಕ ಬಸ್ಸುಗಳು ಬೇಸಿಗೆಯಲ್ಲಿ ಮಾತ್ರ ಓಡುತ್ತವೆ. ಆ ವರ್ಷದ ವೇಳಾಪಟ್ಟಿಯನ್ನೇ ನೋಡಿ ಕೊನೆಯ ಬಸ್ಸಿನ ಸಮಯವನ್ನು ನಕ್ಷೆಯ ಅಂಚಿನಲ್ಲಿ ಬರೆದುಕೊಂಡೆ.

ಕಾಲ ಯಾವುದೆಂಬುದನ್ನು ತಂಗುಮನೆಗಳೇ ನಿರ್ಧರಿಸುತ್ತವೆ. ರಿಫೂಜಿಯೊ ಎಂದು ಕರೆಯುವ ಈ ಮನೆಗಳಲ್ಲಿ ಹೆಚ್ಚಿನವು ಜೂನ್ ಮೂರನೆಯ ವಾರದಿಂದ ಸೆಪ್ಟೆಂಬರ್ ಮೂರನೆಯ ವಾರದವರೆಗೆ ತೆರೆದಿರುತ್ತವೆ. ಜೂನ್ ಕೊನೆಯಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಹಿಮ ಉಳಿದಿರಬಹುದು. ಆಗಸ್ಟ್ 15ರ ಫೆರ್ರಾಗೊಸ್ತೊ ಹಬ್ಬದ ಆಸುಪಾಸಿನಲ್ಲಿ ಇಟಲಿಗೆ ಇಟಲಿಯೇ ರಜೆಯಲ್ಲಿರುತ್ತದೆ. ನಾನು ಸೆಪ್ಟೆಂಬರ್ ಆರಂಭವನ್ನು ಆರಿಸಿದೆ. ಹಗಲು ಕುಗ್ಗಿರುತ್ತದೆ ನಿಜ, ಆದರೆ ಜುಲೈ, ಆಗಸ್ಟ್‌ಗಳಷ್ಟು ಮಧ್ಯಾಹ್ನದ ಗುಡುಗಿನ ಕಾಟವಿರುವುದಿಲ್ಲ.

ಹಾಸಿಗೆ ಕಾಯ್ದಿರಿಸಲು ಚಳಿಗಾಲದಲ್ಲೇ ಪತ್ರ ಬರೆಯತೊಡಗಿದೆ. ಪಕ್ಕದಲ್ಲಿ ಬೇರೆ ತಂಗುಮನೆಯಿಲ್ಲದ, ಬೇಡಿಕೆ ಹೆಚ್ಚಿರುವ ಲಗಜುವೊಯ್‌ನಂಥ ಜಾಗಕ್ಕೆ ಮೊದಲು, ಉಳಿದವಕ್ಕೆ ಅದರ ದಿನಾಂಕದಿಂದ ಹಿಂದೆ ಮುಂದೆ ಎಣಿಸಿ. ರಾತ್ರಿಯೂಟ, ಹಾಸಿಗೆ, ಬೆಳಗಿನ ಉಪಾಹಾರ ಸೇರಿದ ಮೆತ್ಸಾ ಪೆನ್ಸಿಯೋನೆ ವ್ಯವಸ್ಥೆಯನ್ನೇ ಕೇಳಿದೆ. ಹೊದಿಕೆ ಅಲ್ಲಿಯೇ ಕೊಡುತ್ತಾರೆ, ಅದರೊಳಗೆ ಹಾಸಿಕೊಂಡು ಮಲಗುವ ತೆಳು ಬಟ್ಟೆಯ ಚೀಲ ನಮ್ಮದಿರಬೇಕು. ವಿಮಾನದ ಟಿಕೆಟ್ ಕೊಂಡದ್ದು ಇಷ್ಟೆಲ್ಲ ದೃಢವಾದ ಮೇಲೆ. ವಿಮಾನಗಳು ದಿನವೂ ಇರುತ್ತವೆ. ನಲವತ್ತು ಹಾಸಿಗೆಯ ತಂಗುಮನೆ ತುಂಬಿದರೆ ಮುಗಿಯಿತು.

ಇಟಲಿಯೂ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆ ಮೊತ್ತವನ್ನು ಮಾತ್ರ ನೋಡಿ ಸುಮ್ಮನಾಗಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಪಾಲಿಸಿಯನ್ನು ಪೂರ್ತಿ ಓದಿದೆ. ಎಷ್ಟು ಎತ್ತರದವರೆಗೆ ಚಾರಣ ಸೇರುತ್ತದೆ, ಹೆಲಿಕಾಪ್ಟರಿನಲ್ಲಿ ಹುಡುಕಿ ತರುವ ವೆಚ್ಚ ಸೇರುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆದೆ. ವೆನೆಟೊ ಪ್ರಾಂತ್ಯದಲ್ಲಿ ಗಾಯವೇನೂ ಆಗದೆ ನೆರವಿಗೆ ಕರೆದವರು ಹೆಲಿಕಾಪ್ಟರಿನ ಖರ್ಚನ್ನು ತೆರಬೇಕಾಗುತ್ತದೆ.

ದಿನದ ಲೆಕ್ಕವನ್ನು ಕಿಲೋಮೀಟರಿನಲ್ಲಿ ಇಡಲಿಲ್ಲ. ಒಂದು ಗಂಟೆಗೆ 300 ಮೀಟರ್ ಏರಿಕೆ ಎಂದು ಹಿಡಿದು, ವಿಶ್ರಾಂತಿಯ ಹೊತ್ತನ್ನು ಸೇರಿಸಿ, ಮಧ್ಯಾಹ್ನ ಎರಡಕ್ಕೆ ತಂಗುಮನೆ ತಲುಪುವಂತೆ ಹಂತಗಳನ್ನು ಹೊಂದಿಸಿದೆ. ದಾರಿಗೆ ಕೆಂಪು ಬಿಳಿ ಪಟ್ಟೆಗಳ ಗುರುತೂ ಸಂಖ್ಯೆಯೂ ಇರುತ್ತವೆ. ಇಟಲಿಯವರು ದಾರಿಯ ಕಷ್ಟವನ್ನು ಸುಲಭದಿಂದ ಕಠಿಣದ ಕಡೆಗೆ ಟಿ, ಇ, ಇಇ, ಇಇಎ ಎಂದು ವಿಂಗಡಿಸುತ್ತಾರೆ. ಇಇ ಎಂದರೆ ಅನುಭವಿ ಚಾರಣಿಗರಿಗೆ, ಇಇಎ ಎಂದರೆ ಸೊಂಟಪಟ್ಟಿ ಹೆಲ್ಮೆಟ್‌ಗಳೊಂದಿಗೆ ಉಕ್ಕಿನ ಹಗ್ಗ ಹಿಡಿದು ಏರಬೇಕಾದ ದಾರಿ. ಇಇಎ ದಾರಿಗಳನ್ನು ಯೋಜನೆಯಿಂದಲೇ ತೆಗೆದೆ. ನೀರಿನ ಬಗ್ಗೆ ಒಂದು ಮಾತು: ಬಿರುಕು ಬಿಟ್ಟ ಈ ಕಲ್ಲು ಮಳೆನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಎತ್ತರದಲ್ಲಿ ತೊರೆ ಸಿಗುವುದು ಅಪರೂಪ. ಎರಡು ಲೀಟರ್ ಹೊತ್ತೇ ಹೊರಡುತ್ತಿದ್ದೆ.

ಗುರುತು ಹಾಕಿದ ನಕ್ಷೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಫಾನೆಸ್‌ನಲ್ಲಿ. ಅಲ್ಲಿಂದ ಲಗಜುವೊಯ್‌ಗೆ ಹೋಗುವ ದಾರಿ 2,486 ಮೀಟರಿನ ಫೋರ್ಚೆಲ್ಲಾ ದೆಲ್ ಲಾಗೊ ಎಂಬ ಕಿರಿದಾದ ಸಂದನ್ನು ದಾಟಿ, ಜಲ್ಲಿಕಲ್ಲಿನ ಕಡಿದಾದ ಇಳಿಜಾರಿನಲ್ಲಿ ಸುತ್ತಿ ಸುತ್ತಿ ಇಳಿದು, ಮತ್ತೆ ಬಯಲಿನಲ್ಲಿ 2,752 ಮೀಟರಿನವರೆಗೆ ಏರುತ್ತದೆ. ಆ ಮುಂಜಾನೆ ಆರಾಬ್ಬಾ ಕೇಂದ್ರದ ಡೋಲೋಮಿತಿ ಮೇಟೆಯೊ ಹವಾಮಾನ ವರದಿ ಹತ್ತು ಗಂಟೆಯಿಂದಲೇ ಸಿಡಿಲಿನ ಸಾಧ್ಯತೆ ಹೇಳಿತ್ತು. ತಂಗುಮನೆಯ ಒಡತಿಯನ್ನು ಕೇಳಿದೆವು, ಅವರು ಕಿಟಕಿಯತ್ತ ನೋಡಿ ಬೇಡವೆಂದು ತಲೆಯಾಡಿಸಿದರು. ಚರ್ಚೆಯೇ ಬೇಕಾಗಲಿಲ್ಲ. ಪೆದೆರುವಿಗೆ ಇಳಿದು ಬಸ್ ಹತ್ತಿ, ಬಾದಿಯಾ ಕಣಿವೆಯನ್ನು ಬಳಸಿ ಸಾನ್ ಕಸ್ಸಿಯಾನೊದಲ್ಲಿ ತಂಗಿದೆವು. ಬಸ್ಸಿನಲ್ಲಿದ್ದಾಗಲೇ ಮೇಲೆ ಆಕಾಶ ಸೀಳಿತು.

ಇಂಥ ಹೊತ್ತಿನಲ್ಲಿ ತಪ್ಪದೆ ಮಾಡಬೇಕಾದ ಕೆಲಸವೊಂದಿದೆ: ಮುಂದಿನ ತಂಗುಮನೆಗೆ ಫೋನ್ ಮಾಡಿ ಬರುವುದಿಲ್ಲವೆಂದು ತಿಳಿಸುವುದು. ಇಲ್ಲದಿದ್ದರೆ ಅವರು ನಮ್ಮನ್ನು ದಾರಿಯಲ್ಲಿ ಸಿಕ್ಕಿಬಿದ್ದವರೆಂದು ಭಾವಿಸುತ್ತಾರೆ, ಆ ಗಾಳಿಮಳೆಯಲ್ಲಿ ಯಾರೋ ನಮಗಾಗಿ ಹುಡುಕಲು ಹೊರಡಬೇಕಾಗುತ್ತದೆ. ಎಲ್ಲ ತಂಗುಮನೆಗಳ ಸಂಖ್ಯೆಗಳೂ ತುರ್ತು ಸಂಖ್ಯೆ 112 ಕೂಡ ಮೊಬೈಲಿನಲ್ಲಷ್ಟೇ ಅಲ್ಲದೆ ಕಾಗದದಲ್ಲೂ ಇದ್ದವು. ಸಂಪರ್ಕ ಸಿಗದ ಜಾಗಕ್ಕೆಂದು ಆಲ್ಪ್ಸ್‌ನ ಸಂಕಟ ಸಂಕೇತವನ್ನೂ ಎಲ್ಲರೂ ಕಲಿತಿದ್ದೆವು: ನಿಮಿಷಕ್ಕೆ ಆರು ಬಾರಿ ಸೀಟಿ ಅಥವಾ ಬೆಳಕು, ಒಂದು ನಿಮಿಷ ಬಿಡುವು, ಮತ್ತೆ ಆರು. ಉತ್ತರವಾಗಿ ನಿಮಿಷಕ್ಕೆ ಮೂರು ಬರುತ್ತದೆ.

ಮರುದಿನ ಆಕಾಶ ತೊಳೆದಿಟ್ಟಂತಿತ್ತು. ವಾಲ್ಪರೋಲಾ ಘಾಟಿಯ ಮಾರ್ಗವಾಗಿ ಫಾಲ್ಜಾರೆಗೊ ತಲುಪಿ ಕೇಬಲ್ ಕಾರ್‌ನಲ್ಲಿ ಲಗಜುವೊಯ್ ಏರಿದೆವು. ಮೊದಲ ಮಹಾಯುದ್ಧದಲ್ಲಿ ಇಟಲಿ ಮತ್ತು ಆಸ್ಟ್ರಿಯಾದ ಸೈನಿಕರು ಈ ಬೆಟ್ಟದೊಳಗೆ ಸುರಂಗ ಕೊರೆದು, ಸಿಡಿಮದ್ದು ತುಂಬಿ ಒಬ್ಬರ ನೆಲೆಯನ್ನು ಇನ್ನೊಬ್ಬರು ಸ್ಫೋಟಿಸಿದ್ದರು. ಅಂಥ ಒಂದು ಸುರಂಗದಲ್ಲೇ ಘಾಟಿಗೆ ಇಳಿಯಬಹುದು. ತಲೆದೀಪ, ಹೆಲ್ಮೆಟ್ ಬೇಕೇ ಬೇಕು, ಮೆಟ್ಟಿಲುಗಳು ಒದ್ದೆಯಾಗಿ ಜಾರುತ್ತವೆ. ಕಲ್ಲಿನ ಕಿಂಡಿಗಳಲ್ಲಿ ಇಣುಕಿದಾಗ ಕೆಳಗಿನ ಹುಲ್ಲುಗಾವಲು ಕಂಡು ನನ್ನ ಗಂಟಲು ಕಟ್ಟಿತು. ಇಲ್ಲಿ ಚಳಿಗಾಲಗಳನ್ನು ಕಳೆದವರು ಇಪ್ಪತ್ತರ ಆಸುಪಾಸಿನ ಹುಡುಗರು. ನೈಋತ್ಯಕ್ಕೆ ಮಾರ್ಮೊಲಾಡಾ ಹೊಳೆಯುತ್ತಿತ್ತು. 3,343 ಮೀಟರಿನ ಅದು ಡೋಲೋಮೈಟ್‌ನ ಅತಿ ಎತ್ತರದ ಶಿಖರ. 2022ರ ಜುಲೈ 3ರಂದು ಅದರ ಹಿಮನದಿಯ ಒಂದು ಭಾಗ ಕುಸಿದು 11 ಜನ ಸತ್ತರು. ಬಿಸಿಲಿನ ದಿನಗಳಲ್ಲಿ ಹಿಮನದಿಯ ಕೆಳಗೆ ಹಾಯುವ ಯಾವ ದಾರಿಯನ್ನೂ ನಾನು ಯೋಜನೆಗೆ ಸೇರಿಸದಿರಲು ಅದೇ ಕಾರಣ.

ಅಲ್ಲಿಂದ ಚಿಂಕ್ವೆ ತೊರ್ರಿ ಎಂಬ ಬಂಡೆಗೋಪುರಗಳು, ಜಾವ್, ಸ್ಟೌಲಾಂಜಾ ದಾಟಿ ಚಿವೆತ್ತಾ ಬೆಟ್ಟದ ಬೃಹತ್ ಗೋಡೆಯ ಕೆಳಗೆ ನಡೆದೆವು. ಈ ಭಾಗಕ್ಕೆ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಸಂಜೆ ಆ ಗೋಡೆ ಕೆಂಪಾಗುವುದನ್ನು ನೋಡಲು ತಿಸ್ಸಿ ತಂಗುಮನೆಗಿಂತ ಒಳ್ಳೆಯ ಜಾಗವಿಲ್ಲ. ನಾವು ಚಾರಣ ಮುಗಿಸಿದ್ದು ದುರಾನ್ ಘಾಟಿಯಲ್ಲಿ. ಮೂಲ ಮಾರ್ಗ ಇನ್ನೂ ಮುಂದುವರಿದು ಕೊನೆಗೆ ಸ್ಕಿಯಾರಾ ಬೆಟ್ಟವನ್ನು ಉಕ್ಕಿನ ಹಗ್ಗ ಹಿಡಿದು ದಾಟುತ್ತದೆ, ಅದು ಇಇಎ. ದುರಾನ್‌ನಿಂದ ರಸ್ತೆ ಅಗೊರ್ಡೊಗೆ ಇಳಿಯುತ್ತದೆ, ಅಗೊರ್ಡೊದಿಂದ ಬೆಲ್ಲುನೊಗೆ ಬಸ್ ಇದೆ, ಬೆಲ್ಲುನೊದಲ್ಲಿ ರೈಲು ಸಿಗುತ್ತದೆ.