ಓಡುತ್ತಾ ಓಡುತ್ತಾ ಆಫ್ ಆಗುವ ಕಾರು: ಕೀ ಸ್ವಿಚ್ ಹಿಡಿದ ನನ್ನ ಅನುಭವ

ಹೈವೇಯಲ್ಲಿ ಕಾರು ಆಫ್ ಆಗುತ್ತೆ ಅಂದರೆ ಎಲ್ಲರೂ ಫ್ಯೂಯಲ್ ಪಂಪಿಗೇ ಕೈ ಹಾಕುತ್ತಾರೆ. ಮೊದಲು ಕೀ ಸ್ವಿಚ್ ನೋಡಿ ಅಂತ ನಾನು ಹೇಳಿದಾಗ ದಾವಣಗೆರೆ ಪಿ.ಬಿ. ರಸ್ತೆಯ ನಮ್ಮ ಮೆಕ್ಯಾನಿಕ್‌ಗಳೇ ಒಪ್ಪಲಿಲ್ಲ. ಈಗ ಅವರೇ ಇಂಥ ಗಾಡಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಅದೊಂದು ಬಾಡಿಗೆ ಕಾರು. ಭರಮಸಾಗರದ ಹತ್ತಿರ ಎಂಬತ್ತರ ಸ್ಪೀಡಿನಲ್ಲಿ ಎಂಜಿನ್ ನಿಂತು, ಸ್ಟೇರಿಂಗ್ ಬಿಗಿಯಾಗಿ, ಹಿಂದೆ ಲೋಡ್ ಲಾರಿ ಬರುತ್ತಿದ್ದಾಗ ಡ್ರೈವರ್ ಹೇಗೋ ಬದಿಗೆ ತಂದಿದ್ದ. ನನ್ನ ಹತ್ತಿರ ಬರುವ ಹೊತ್ತಿಗೆ ಪಂಪ್, ಕ್ರ್ಯಾಂಕ್ ಸೆನ್ಸರ್, ಬ್ಯಾಟರಿ ಅಂತ ಹದಿನೈದು ಸಾವಿರ ಹೋಗಿತ್ತು. ಸ್ಕ್ಯಾನರ್ ಹಾಕಿದರೆ ದೋಷ ತೋರಿಸುವ ಒಂದು ಕೋಡೂ ಇಲ್ಲ.

"ಆಫ್ ಆದಾಗ ಹಾಡು ಬರ್ತಿತ್ತಾ?" ಅಂತ ಕೇಳಿದೆ.

"ಹೌದಣ್ಣ, ಹಾಡು ನಿಲ್ಲಲೇ ಇಲ್ಲ."

ಅಲ್ಲಿಗೆ ಅರ್ಧ ಗೊತ್ತಾಯಿತು. ಕೀ ಆಕ್ಸೆಸರಿಗೆ, ಅಂದರೆ ಎಂಜಿನ್ ಆಫ್ ಆಗಿ ಹಾಡು ಮಾತ್ರ ಬರುವ ಜಾಗಕ್ಕೆ ಜಾರಿರಬೇಕು. ಗಾಡಿ ಸ್ಟಾರ್ಟ್ ಇಟ್ಟು ಕೀ ಬಂಚನ್ನು ಜಗ್ಗಿದೆ, ಎಂಜಿನ್ ನಿಂತಿತು. ಮನೆ ಕೀ, ಷೆಟರ್ ಕೀ, ಹಿತ್ತಾಳೆ ಗಂಟೆ, ಎಲ್ಲ ಅದಕ್ಕೇ ನೇತುಹಾಕಿದ್ದ. ಬಿಚ್ಚಿದರೆ ಒಳಗೆ ಸ್ಪ್ರಿಂಗ್ ಸೋತಿತ್ತು, ಕೀ ನಿಲ್ಲುವ ಗುಳಿ ಸವೆದಿತ್ತು, ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿತ್ತು.

ಅಮೆರಿಕದ ಜನರಲ್ ಮೋಟರ್ಸ್ 2014ರಲ್ಲಿ ಇದೇ ಕಾಯಿಲೆಗೆ ಸುಮಾರು 26 ಲಕ್ಷ ಕಾರು ವಾಪಸ್ ಕರೆಸಿತ್ತು. ಕೀ ಜಾರಿ ಆಕ್ಸೆಸರಿಗೆ ಬಂದರೆ ಪವರ್ ಸ್ಟೇರಿಂಗ್ ಹೋಗುತ್ತಿತ್ತು, ಡಿಕ್ಕಿಯಾದರೆ ಏರ್‌ಬ್ಯಾಗೂ ತೆರೆಯುತ್ತಿರಲಿಲ್ಲ. ಅವರ ಪರಿಹಾರ ನಿಧಿಯೇ 124 ಸಾವು ಒಪ್ಪಿಕೊಂಡಿತು. ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಮುಂಚೆಯೇ ಪಾರ್ಟ್ ಬದಲಿಸಿ, ಪಾರ್ಟ್ ನಂಬರ್ ಮಾತ್ರ ಹಳೆಯದೇ ಇಟ್ಟಿದ್ದರು. ಹಾಗೆ ಮಾಡಿದರೆ ಮೆಕ್ಯಾನಿಕ್ ಆದವನು ಏನಂತ ಹುಡುಕಬೇಕು?

ನಮ್ಮ ಗಾಡಿಗೆ ಮೊದಲು ಕಾಂಟ್ಯಾಕ್ಟ್ ಉಜ್ಜಿ ಹಾಕಿದೆ, ವಾರ ಬಾಳಲಿಲ್ಲ. ಆಮೇಲೆ ಮುನ್ನೂರೈವತ್ತರ ಡೂಪ್ಲಿಕೇಟ್ ಸ್ವಿಚ್ ಹಾಕಿದೆ, ಬ್ಲೋವರ್ (ಎಸಿ ಫ್ಯಾನ್) ಆನ್ ಮಾಡಿದರೆ ಅದು ಕೈ ಸುಡುವಷ್ಟು ಬಿಸಿ. ಕೊನೆಗೆ ಸಾವಿರದ ನಾಲ್ಕುನೂರರ ಆಸುಪಾಸಿನ ಒರಿಜಿನಲ್ ತರಿಸಿ, ಬ್ಲೋವರ್ ಲೋಡನ್ನು ಕೀ ಸ್ವಿಚ್ಚಿನಿಂದ ತೆಗೆದು ರಿಲೇ (ಹೆಚ್ಚು ಕರೆಂಟ್ ಹೊರುವ ಬೇರೆ ಸ್ವಿಚ್) ಮೇಲೆ ಹಾಕಿದೆ. ಹೆಡ್‌ಲೈಟ್, ಬ್ಲೋವರ್ ಎಲ್ಲ ಆನ್ ಇಟ್ಟು ಅಳೆದಾಗ ಹಳೆ ಸ್ವಿಚ್ಚಿನಲ್ಲಿ ಹತ್ತಿರ ಹತ್ತಿರ ಒಂದು ವೋಲ್ಟ್ ಕಳೆದುಹೋಗುತ್ತಿತ್ತು, ಈಗ 0.2ಕ್ಕಿಂತ ಕಡಿಮೆ. ಎಲ್ಲ ಸೇರಿ ಎರಡೂವರೆ ಸಾವಿರ, ಅಷ್ಟೇ.

ಸುಮ್ನೆ ನೋಡೋಣ ಅಂತ ಸ್ಪ್ರಿಂಗ್ ತಕ್ಕಡಿಯನ್ನು ಕೀ ತುದಿಗೆ ಸಿಗಿಸಿ ಎಳೆದೆ. ಹೊಸದು ತಡೆದ ತೂಕದ ಅರ್ಧಕ್ಕೂ ಮುಂಚೆಯೇ ಹಳೆಯದು ಜಾರಿತು. ಈಗ ಬರುವ ಪ್ರತಿ ಹಳೆ ಗಾಡಿಗೂ ಈ ಟೆಸ್ಟ್ ಮಾಡುತ್ತೇನೆ, ದುಡ್ಡು ತಗೊಳ್ಳಲ್ಲ.

ಡ್ರೈವರ್‌ಗಳಿಗೆ ಇಷ್ಟನ್ನು ತೋರಿಸಿಯೇ ಕಳಿಸುತ್ತೇನೆ. ಓಡುವಾಗ ಆಫ್ ಆದರೆ ಬ್ರೇಕನ್ನು ಪದೇ ಪದೇ ತುಳಿಯಬೇಡಿ. ಬ್ರೇಕಿಗೆ ಬಲ ಕೊಡುವ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲಕ್ಕೆ ಮಾತ್ರ, ಒಂದೇ ಸಲ ಗಟ್ಟಿಯಾಗಿ ತುಳಿಯಿರಿ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಲ ಹಾಕಿ ತಿರುಗಿಸಿ, ತಿರುಗುತ್ತೆ. ಗಾಡಿ ಪೂರ್ತಿ ನಿಲ್ಲೋವರೆಗೂ ಕೀ ಮಾತ್ರ ಎಳೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತೆ.