ಹಾರ್ಡ್ ಡಿಸ್ಕ್ ಕೈಕೊಟ್ಟರೆ ಮೊದಲು ವೈರ್ ಕೀಳಿ

ನಮ್ಮ ತೀರ್ಥಹಳ್ಳಿ ಕಡೆ ಪುಷ್ಯ ಮಳೆ ಹಿಡಿದರೆ ಕರೆಂಟಿಗೆ ಹೊತ್ತು ಗೊತ್ತು ಇರುವುದಿಲ್ಲ. ಅಂಥದೇ ಒಂದು ಸಂಜೆ ಕತ್ತಲಲ್ಲಿ ಟಾರ್ಚ್ ಹುಡುಕಲು ಎದ್ದೆ, ಕಾಲಿಗೆ ವೈರ್ ಸಿಕ್ಕಿತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತಿತ್ತು, ಅದಕ್ಕೆ ಆ ವೈರಿನಲ್ಲಿ ಸಿಕ್ಕಿಸಿದ್ದ ಹೊರಗಿನ ಹಾರ್ಡ್ ಡಿಸ್ಕ್ ತಿರುಗುತ್ತಲೇ ಇತ್ತು. ಹಾಗೆ ತಿರುಗುತ್ತಲೇ ನೆಲಕ್ಕೆ ಬಿತ್ತು. ಅದರಲ್ಲಿ ಹತ್ತು ವರ್ಷದ ಫೋಟೊ, ಅಡಿಕೆ ಮಂಡಿಯ ಲೆಕ್ಕ, ಸೋದರತ್ತೆ ಹಾಡಿದ ಹಸೆ ಹಾಡುಗಳ ರೆಕಾರ್ಡಿಂಗ್ ಇದ್ದವು. ಅತ್ತೆ ಈಗ ಇಲ್ಲ.

ಬಿದ್ದದ್ದರಿಂದ ಆದ ಹಾಳು ಒಂದು ಪಾಲು. ಆಮೇಲಿನ ಅರ್ಧ ಗಂಟೆಯಲ್ಲಿ ನಾನೇ ಮಾಡಿಕೊಂಡದ್ದು ಎರಡು ಪಾಲು. ವೈರನ್ನು ಹತ್ತು ಸಲ ಕಿತ್ತು ಮತ್ತೆ ಸಿಕ್ಕಿಸಿದೆ. ಕಂಪ್ಯೂಟರ್ ‘ಸರಿಪಡಿಸಲೇ?’ ಎಂದು ಕೇಳಿತು, ‘ಹೂಂ’ ಅಂದೆ. ನೀವು ಹಾಗೆ ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹತ್ತು ನಿಮಿಷ

ಡಿಸ್ಕ್ ತೆರೆದುಕೊಳ್ಳುತ್ತಿಲ್ಲ ಎಂದು ಗೊತ್ತಾದ ಕೂಡಲೇ ವೈರ್ ಕಿತ್ತು ಪಕ್ಕಕ್ಕಿಡಿ. ಒಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. ಓದುವ ಹೆಡ್ ಆ ತಟ್ಟೆಯನ್ನು ಮುಟ್ಟುವುದಿಲ್ಲ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ಒಂದು ಕೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್ ಇರುತ್ತದೆ. ಹೆಡ್ ಸೊಟ್ಟಗಾಗಿದ್ದರೆ ಒಂದೊಂದು ಸುತ್ತಿಗೂ ತಟ್ಟೆಯನ್ನು ಕೆರೆಯುತ್ತದೆ. ಕೆರೆದು ಪುಡಿಯಾದ ಜಾಗದಲ್ಲಿದ್ದ ಫೋಟೊವನ್ನು ಯಾವ ಲ್ಯಾಬೂ ವಾಪಸ್ ಕೊಡಲಾರದು.

ಹಾಗಾಗಿ ಕಿವಿ ಕೊಡಿ. ಟಿಕ್ ಟಿಕ್ ಎಂದು ಒಂದೇ ತಾಳದಲ್ಲಿ ಸದ್ದು ಬಂದರೆ, ಅಥವಾ ಕರ್ ಎಂದು ಕೆರೆದ ಹಾಗೆ ಕೇಳಿದರೆ, ಮನೆಯಲ್ಲಿ ಮಾಡುವ ಕೆಲಸ ಅಲ್ಲಿಗೆ ಮುಗಿಯಿತು. ಮತ್ತೆ ಆನ್ ಮಾಡಬೇಡಿ. ಡೇಟಾ ತೆಗೆಯುವ ಲ್ಯಾಬಿನವರು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ಹೆಡ್ ಬದಲಿಸಬೇಕು. ಖರ್ಚು ಹತ್ತಾರು ಸಾವಿರಕ್ಕೆ ಹೋಗುತ್ತದೆ. ಅಷ್ಟು ಕೊಡುವಂಥದ್ದು ಅದರಲ್ಲಿದೆಯೇ ಎಂದು ಮನೆಯವರೆಲ್ಲ ಕೂತು ಯೋಚಿಸಿ. ಇಲ್ಲ ಎಂದಾದರೆ ಬಿಟ್ಟುಬಿಡಿ. ಅಂಗಡಿ ಹುಡುಗ ಸ್ಕ್ರೂಡ್ರೈವರ್ ಹಿಡಿದು ‘ತೆಗೆದು ನೋಡ್ತೀನಿ’ ಅಂದರೆ ಮಾತ್ರ ಕೊಡಬೇಡಿ.

ಸದ್ದೇನೂ ಇಲ್ಲ, ಆದರೆ ಕಂಪ್ಯೂಟರಿಗೆ ಡಿಸ್ಕ್ ಕಾಣುತ್ತಿಲ್ಲ ಅಂದರೆ ಗಾಬರಿ ಬೇಡ. ಬೇರೆ ವೈರ್ ಹಾಕಿ, ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿ ಒಮ್ಮೆ ನೋಡಿ. ಎಷ್ಟೋ ಸಲ ಹೋಗಿರುವುದು ಬರೀ ವೈರ್. ಆದರೆ ಒಂದೆರಡು ಸಲ ಸಾಕು, ನನ್ನ ಹಾಗೆ ಹತ್ತು ಸಲ ಬೇಡ.

ಫ್ರಿಜ್ಜೂ ಬೇಡ, ಒಲೆಯೂ ಬೇಡ

ಡಿಸ್ಕನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ತುಂಬಾ ಹಳೆಯ ಡಿಸ್ಕ್‌ಗಳ ಕಾಲದ ಸಲಹೆ ಅದು. ಮಲೆನಾಡಿನ ಮಳೆಗಾಲದಲ್ಲಂತೂ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಹೊರಗೆ ತೆಗೆದ ಕೂಡಲೇ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ಹೆಚ್ಚಿನ ಹಾರ್ಡ್ ಡಿಸ್ಕ್‌ಗಳಲ್ಲಿ ಗಾಳಿಯಾಡಲು ಒಂದು ಸಣ್ಣ ತೂತೂ ಇರುತ್ತದೆ.

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಮನೆಗಳಿಗೆ ನೀರು ನುಗ್ಗಿತ್ತಲ್ಲ, ಹಾಗೆ ಡಿಸ್ಕ್ ನೆನೆದರೆ? ಬಚ್ಚಲೊಲೆ ಹತ್ತಿರ ಇಟ್ಟು ಒಣಗಿಸೋಣ ಎಂದು ಯಾರಿಗಾದರೂ ಅನಿಸುತ್ತದೆ. ಬೇಡ. ನೀರು ಆರಿದರೆ ಕೆಸರು ತಟ್ಟೆಗೆ ಅಂಟಿಕೊಳ್ಳುತ್ತದೆ. ಒದ್ದೆ ಇದ್ದ ಹಾಗೆಯೇ ಗಾಳಿಯಾಡದ ಕವರಿಗೆ ಹಾಕಿ ಬೇಗ ಲ್ಯಾಬಿಗೆ ತಲುಪಿಸಿ. ಆನ್ ಆಗುತ್ತದೋ ನೋಡೋಣ ಎಂಬ ಆಸೆ ಬೇಡವೇ ಬೇಡ.

ನಕಲು ಮಾಡಿ, ನಕಲಿನಲ್ಲಿ ಹುಡುಕಿ

ಇನ್ನು ಡಿಸ್ಕ್ ಕಾಣುತ್ತದೆ, ಸದ್ದೂ ಸರಿ ಇದೆ, ಆದರೆ ಫೋಲ್ಡರ್ ತೆರೆಯಲು ಐದು ನಿಮಿಷ ಬೇಕು, ಕೆಲವು ಫೈಲ್ ಬರುವುದೇ ಇಲ್ಲ. ನನ್ನದು ಹೀಗಿತ್ತು. ಇಲ್ಲಿ ನಾವೇ ಮಾಡಬಹುದಾದದ್ದು ಇದೆ.

‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕೇಳಿದರೆ ಬೇಡ ಅನ್ನಿ. ವಿಂಡೋಸ್‌ನಲ್ಲೇ ಇರುವ ಚೆಕ್‌ಡಿಸ್ಕ್ ಎಂಬ ರಿಪೇರಿ ಸಾಫ್ಟ್‌ವೇರ್ ಓಡಿಸಬೇಡಿ. ಅದು ಸಾಯುತ್ತಿರುವ ಡಿಸ್ಕಿನ ಮೇಲೇ ಬರೆದು ರಿಪೇರಿ ಮಾಡಲು ಹೋಗುತ್ತದೆ. ನನ್ನ ಫೈಲುಗಳ ಹೆಸರು, ಫೋಲ್ಡರ್ ಎಲ್ಲ ಕಲಸಿಹೋದದ್ದು ಹಾಗೆಯೇ.

ಮೊದಲು ಹಾಳಾದದ್ದಕ್ಕಿಂತ ದೊಡ್ಡದಾದ ಒಂದು ಒಳ್ಳೆಯ ಡಿಸ್ಕ್ ತನ್ನಿ. ವಿಂಡೋಸ್ ಬದಲು ಪೆನ್‌ಡ್ರೈವಿನಲ್ಲಿರುವ ಉಬುಂಟು ಥರದ ಲಿನಕ್ಸ್‌ನಿಂದ ಕಂಪ್ಯೂಟರ್ ಶುರುಮಾಡಿ (ಬೂಟ್ ಮಾಡಿ), ಡಿಡಿರೆಸ್ಕ್ಯೂ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಇದು ಫೈಲುಗಳ ಗೊಡವೆಗೆ ಹೋಗುವುದಿಲ್ಲ. ಇಡೀ ಡಿಸ್ಕನ್ನು ಮೊದಲಿಂದ ಕೊನೆವರೆಗೆ ನಕಲು ಮಾಡುತ್ತದೆ. ಓದಲು ಸುಲಭ ಇರುವ ಜಾಗವನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ತಕರಾರು ಮಾಡುವ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿವರೆಗೆ ಆಯಿತು ಎಂದು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ನಮ್ಮೂರಿಗೆ ಹೇಳಿ ಮಾಡಿಸಿದ ಗುಣ ಇದು. ಮಧ್ಯೆ ಕರೆಂಟು ಹೋದರೂ, ಮ್ಯಾಪ್ ಫೈಲನ್ನು ಬೇರೊಂದು ಪೆನ್‌ಡ್ರೈವಿನಲ್ಲಿ ಉಳಿಸಿಕೊಂಡಿದ್ದು ಅದನ್ನೇ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಒಂದೇ ಎಚ್ಚರ: ಯಾವುದರಿಂದ ಯಾವುದಕ್ಕೆ ಎಂಬುದು ತಿರುಗುಮುರುಗಾದರೆ ಇದ್ದದ್ದೂ ಹೋಗುತ್ತದೆ. ಅನುಮಾನ ಇದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಚೆನ್ನಾಗಿರುವ 1 ಟಿಬಿ ಡಿಸ್ಕ್ ಆದರೆ ಮೂರು ಗಂಟೆಯ ಆಸುಪಾಸಿನಲ್ಲಿ ಮುಗಿಯಬಹುದು. ನನ್ನದಕ್ಕೆ ನಾಲ್ಕು ದಿನ ಹಿಡಿಯಿತು. ಮಧ್ಯೆ ಮಧ್ಯೆ ನಿಲ್ಲಿಸಿ ಡಿಸ್ಕಿನ ಬಿಸಿ ಆರಿಸುತ್ತಿದ್ದೆ.

ನಕಲು ಸಿಕ್ಕ ಮೇಲೆ ಹಳೆ ಡಿಸ್ಕ್ ಎತ್ತಿಟ್ಟುಬಿಡಿ. ಮುಂದಿನ ಹುಡುಕಾಟವೆಲ್ಲ ನಕಲಿನಲ್ಲೇ. ಪಾರ್ಟಿಶನ್ (ಸಿ, ಡಿ ಎಂದು ಡಿಸ್ಕಿನಲ್ಲಿ ಮಾಡಿದ ಪಾಲು) ಕಳೆದುಹೋಗಿದ್ದರೆ ಟೆಸ್ಟ್‌ಡಿಸ್ಕ್, ಫೈಲುಗಳನ್ನೇ ಹೆಕ್ಕಬೇಕಾದರೆ ಫೋಟೋರೆಕ್. ಎರಡೂ ಉಚಿತ. ಫೋಟೋರೆಕ್‌ಗೆ ಹೆಸರು ಬೇಕಿಲ್ಲ. ಜೆಪೆಗ್ ಫೋಟೊ ಎಂದರೆ ಶುರುವಿನ ಕೆಲವು ಬೈಟ್‌ಗಳು ಗೊತ್ತಿರುವ ನಮೂನೆಯಲ್ಲೇ ಇರುತ್ತವೆ, ಆ ಗುರುತು ಹಿಡಿದು ಎತ್ತುತ್ತದೆ. ಆದರೆ ಹೊರಗೆ ಬಂದ ಫೈಲಿಗೆ ‘ಎಫ್’ ಮತ್ತು ಉದ್ದದ ಒಂದು ಅಂಕಿ, ಅಷ್ಟೇ ಹೆಸರು. ಅತ್ತೆಯ ಹಾಡು ಯಾವುದು, ಮಂಡಿಯವರ ಫೋನ್ ರೆಕಾರ್ಡಿಂಗ್ ಯಾವುದು ಎಂದು ಒಂದೊಂದೇ ಕೇಳುತ್ತಾ ಕೂತೆ. ಹಾಡುಗಳಲ್ಲಿ ಹನ್ನೊಂದು ಸಿಕ್ಕವು. ಎಷ್ಟು ಹೋದವು ಎಂಬ ಲೆಕ್ಕ ನನ್ನ ಹತ್ತಿರ ಇಲ್ಲ.

ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಬರೆದಿಡುವ ಎಸ್‌ಎಸ್‌ಡಿಯಲ್ಲಿ ಅಳಿಸಿಹೋದ ಫೈಲಿಗೆ ಈ ಆಟ ನಡೆಯುವುದು ಕಷ್ಟ. ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ತಾನೇ ಬೇಗ ಖಾಲಿ ಮಾಡಿಬಿಡುತ್ತದೆ.

ಮೃಗಶಿರಾಕ್ಕೆ ಮೊದಲು ಬ್ಯಾಕಪ್

ಮಳೆಗೆ ಮೊದಲು ಕಟ್ಟಿಗೆ ಒಳಗೆ ಹಾಕುತ್ತೇವೆ, ಹೆಂಚು ಸರಿಮಾಡುತ್ತೇವೆ, ಹಪ್ಪಳ ಡಬ್ಬಿ ಸೇರುತ್ತದೆ. ಬ್ಯಾಕಪ್ ಅನ್ನೂ ಆ ಪಟ್ಟಿಗೆ ಸೇರಿಸಿ. ನಾನು ವರ್ಷಕ್ಕೆ ಎರಡು ಸಲ ದೊಡ್ಡ ಬ್ಯಾಕಪ್ ಮಾಡುತ್ತೇನೆ: ಜೂನ್ ಶುರುವಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ. ಲೆಕ್ಕದ ಫೈಲ್ ಮಾತ್ರ ವಾರಕ್ಕೊಮ್ಮೆ.

3-2-1 ಎಂದು ಒಂದು ಲೆಕ್ಕ ಇದೆ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಊರಲ್ಲೋ ಬೇರೆ ಮನೆಯಲ್ಲೋ. ಫೋಟೊಗಳನ್ನು ಲ್ಯಾಪ್‌ಟಾಪಿನಿಂದ ‘ಕಟ್’ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿದರೆ ಅದು ಬ್ಯಾಕಪ್ ಅಲ್ಲ, ಇರುವುದು ಒಂದೇ ಪ್ರತಿ. ನಾನು ಮಾಡಿದ್ದೂ ಅದನ್ನೇ. ಮೊಬೈಲಿನಲ್ಲಿ ಅಳಿಸಿದರೆ ಕ್ಲೌಡಿನಲ್ಲೂ ಅಳಿಸಿಹೋಗುವ ಸಿಂಕ್ ಕೂಡ ಬ್ಯಾಕಪ್ ಅಲ್ಲ. ಗೂಗಲ್‌ನವರ ಉಚಿತ 15 ಜಿಬಿ ಇಡೀ ಮನೆಯ ಫೋಟೊಗೆ ಸಾಲುವುದಿಲ್ಲ, ಆದರೆ ಆಧಾರ್, ಪಹಣಿ, ಲೆಕ್ಕದ ಪ್ರತಿಗೆ ಧಾರಾಳವಾಯಿತು. ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ, ಮ್ಯಾಕ್‌ನಲ್ಲಿ ಟೈಮ್ ಮಷೀನ್ ಇದ್ದೇ ಇವೆ. ಡಿಸ್ಕ್ ಸಿಕ್ಕಿಸಿ ಆನ್ ಮಾಡಿದರೆ ಆಯಿತು.

ಬ್ಯಾಕಪ್ ಮುಗಿದ ಕೂಡಲೇ ಡಿಸ್ಕ್ ಕಿತ್ತಿಡಿ. ಸಿಕ್ಕಿಸಿಯೇ ಬಿಟ್ಟರೆ ಸಿಡಿಲಿಗೆ ಎರಡೂ ಒಟ್ಟಿಗೆ ಹೋಗುತ್ತವೆ, ವೈರಸ್ ಬಂದರೂ ಅಷ್ಟೇ. ಯುಪಿಎಸ್ ಇದೆಯಲ್ಲ ಎಂಬ ಧೈರ್ಯ ಏಪ್ರಿಲ್-ಮೇ ಗುಡುಗಿಗೆ ಸಾಲದು. ಅಟ್ಟದಲ್ಲಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.

ಇನ್ನೊಂದು ಕೆಲಸವನ್ನು ಯಾರೂ ಮಾಡುವುದಿಲ್ಲ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಯಾವುದಾದರೂ ಒಂದು ಹಳೆ ಫೈಲ್ ತೆರೆದು ನೋಡಿ. ತೆರೆಯದಿದ್ದರೆ ಈಗಲೇ ಗೊತ್ತಾಗಲಿ, ಅಲ್ವಾ.

ನನ್ನ ಮೂರನೇ ಪ್ರತಿ ಶಿವಮೊಗ್ಗದಲ್ಲಿ ತಂಗಿ ಮನೆಯಲ್ಲಿದೆ. ದೀಪಾವಳಿಗೆ ಹೋದಾಗ ಹೊಸ ಡಿಸ್ಕ್ ಕೊಟ್ಟು ಹಳೆಯದನ್ನು ತರುತ್ತೇನೆ. ಅವಳು ಅದನ್ನಿಟ್ಟದ್ದು ಚಕ್ಕುಲಿ ಡಬ್ಬಿಯಲ್ಲಿ. ಮಕ್ಕಳು ದಿನಾ ಮುಚ್ಚಳ ತೆಗೆದು ನೋಡುತ್ತಾರೆ ಎಂದು ಈಗ ಮೇಲೆ ಒಂದು ಚೀಟಿ ಅಂಟಿಸಿದ್ದಾಳೆ: ‘ಇದರಲ್ಲಿ ತಿನ್ನೋದು ಏನೂ ಇಲ್ಲ.’