ಹಿಂದಿನ ಚಕ್ರ ಸದ್ದು ಮಾಡುತ್ತಿದೆಯಾ? ತುಳಿಯುವುದನ್ನು ನಿಲ್ಲಿಸಿ ನೋಡಿ
ಸೈಕಲ್ ಹಿಂದಿನ ಚಕ್ರದಿಂದ ಏನೋ ಸದ್ದು ಬರುತ್ತಿದ್ದರೆ, ಸ್ವಲ್ಪ ಜೋರಾಗಿ ಹೋಗಿ ಪೆಡಲ್ ತುಳಿಯುವುದನ್ನು ನಿಲ್ಲಿಸಿ. ಸದ್ದೂ ನಿಂತರೆ ತೊಂದರೆ ಚೈನ್, ಪೆಡಲ್ ಕಡೆ ಇದೆ. ನಿಲ್ಲದಿದ್ದರೆ ಚಕ್ರದಲ್ಲೇ. ತುಳಿಯದಿದ್ದಾಗ ಚೈನ್ ಓಡುವುದಿಲ್ಲ, ಚಕ್ರ ಮಾತ್ರ ತಿರುಗುತ್ತದೆ ಅಲ್ವಾ, ಅದಕ್ಕೇ. ಫ್ರೀವೀಲಿನ (ಚೈನ್ ಕೂರುವ ಹಿಂದಿನ ಹಲ್ಲುಚಕ್ರದ) ಟಿಕ್ ಟಿಕ್ ಮಾತ್ರ ಸಹಜ, ಅದಕ್ಕೆ ಹೆದರಬೇಡಿ. ಆಮೇಲೆ ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿ, ಇನ್ನೊಂದು ಕೈಯ ಬೆರಳನ್ನು ಆಕ್ಸೆಲ್ ಹತ್ತಿರದ ಫ್ರೇಮಿನ ಪೈಪಿನ ಮೇಲೆ ಇಡಿ. ಮರಳು ಅರೆದ ಹಾಗೆ ಬೆರಳಿಗೆ ಗರಗರ ಅಂತ ಸಿಕ್ಕರೆ ಹಬ್ಬಿನ (ಚಕ್ರದ ನಡುಭಾಗದ) ಬೇರಿಂಗ್‌ನಲ್ಲಿ ಧೂಳು ಕೂತಿದೆ, ಇಲ್ಲವೇ ಗ್ರೀಸ್ ಒಣಗಿದೆ. ನಮ್ಮ ಸಂಡೂರು ಕಡೆಯ ಕೆಂಪು ಅದಿರು ಧೂಳಿನಲ್ಲಿ ಓಡಾಡುವವರು ಇದನ್ನೇ ಮೊದಲು ನೋಡಿ. ಬಿಚ್ಚಿಸಿ, ತೊಳೆಸಿ, ಹೊಸ ಗ್ರೀಸ್ ಹಾಕಿಸಿ. ಸುಮ್ನೆ ಮೇಲಿಂದ ಎಣ್ಣೆ ಬಿಟ್ಟರೆ ಧೂಳು ಇನ್ನೂ ಜಾಸ್ತಿ ಅಂಟುತ್ತದೆ. ಪ್ರತಿ ಸುತ್ತಿನಲ್ಲೂ ಒಂದೇ ಸಲ ಸರ್ ಎಂದರೆ ರಿಮ್ ಡೊಂಕಾಗಿ ಬ್ರೇಕ್ ರಬ್ಬರಿಗೆ ತಾಗುತ್ತಿರಬಹುದು. ನೀವು ಹತ್ತಿ ಕೂತಾಗ ಮಾತ್ರ ಬರುವ ಕಿರಕಿರ ಸದ್ದಿಗೆ ಈ ಉಪಾಯ ನಡೆಯುವುದಿಲ್ಲ, ಭಾರ ಇಲ್ಲದೆ ಅದು ಕೇಳಿಸುವುದೇ ಇಲ್ಲ. ಆಗ ಚಕ್ರದ ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿ, ಸಡಿಲ ಆಗಿರುವುದು ಕೈಗೇ ಗೊತ್ತಾಗುತ್ತದೆ. ಸೀಟು, ಕ್ಯಾರಿಯರ್ ನಟ್ಟುಗಳನ್ನೂ ಒಮ್ಮೆ ಬಿಗಿ ಮಾಡಿ.